ಒಂದೇ ಆಟ, ಹಲವು ಯಂತ್ರ: ಗೇಮ್ ಕನ್ಸೋಲ್‌ಗಳ ಸಾಮರ್ಥ್ಯ ಅಳೆಯುವುದು ಹೇಗೆ?

ತಿಪಟೂರು: ಸೋನಿ ಕಂಪನಿಯ ಪ್ಲೇಸ್ಟೇಷನ್ 5 ಗೇಮ್ ಕನ್ಸೋಲ್ 2021ರ ಫೆಬ್ರವರಿ 2ರಂದು ಭಾರತದ ಮಾರುಕಟ್ಟೆಗೆ ಬಂದಾಗ ಅದರ ಬೆಲೆ 49,990 ರೂಪಾಯಿ ಇತ್ತು. ಆ ವರ್ಷದ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಘೋಷಿಸಿದ್ದ ಕನಿಷ್ಠ ಬೆಂಬಲ ಬೆಲೆ ಕ್ವಿಂಟಲ್‌ಗೆ 10,600 ರೂಪಾಯಿ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೆಂಗು ಬೆಳೆಗಾರರ ಲೆಕ್ಕದಲ್ಲಿ ಹೇಳುವುದಾದರೆ, ಆಟದ ಒಂದು ಯಂತ್ರಕ್ಕೆ ಸುಮಾರು ನಾಲ್ಕು ಮುಕ್ಕಾಲು ಕ್ವಿಂಟಲ್ ಕೊಬ್ಬರಿ ಕೊಟ್ಟಂತೆ. ಅದಕ್ಕೂ ಮೂರು ತಿಂಗಳು ಮೊದಲು, 2020ರ ನವೆಂಬರ್ 10ರಂದು ಬಂದಿದ್ದ ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಸೀರೀಸ್ ಎಸ್ ಕನ್ಸೋಲಿನ ಬೆಲೆ 34,990 ರೂಪಾಯಿ. ಎರಡರ ನಡುವಿನ ಅಂತರ 15,000 ರೂಪಾಯಿ. ಅದೇ ಲೆಕ್ಕದಲ್ಲಿ ಒಂದೂವರೆ ಕ್ವಿಂಟಲ್ ಕೊಬ್ಬರಿಗೆ ತುಸು ಕಡಿಮೆ.

ಅಟ್ಟದ ಮೇಲೆ ಹಲವು ತಿಂಗಳು ಒಣಗಿದ ಕಾಯಿಯನ್ನು ಸುಲಿದು, ಒಡೆದು, ಮಾರುಕಟ್ಟೆಗೆ ಸಾಗಿಸಿ ಬಂದ ಹಣದಲ್ಲಿ ಇಷ್ಟು ಹೆಚ್ಚು ತೆತ್ತರೆ ಪರದೆಯ ಮೇಲೆ ಹೆಚ್ಚಿಗೆ ಕಾಣುವುದೇನು? ಓದಲೋ ಉದ್ಯೋಗಕ್ಕೋ ಬೆಂಗಳೂರು ಸೇರಿದ ಮಗ ಅಥವಾ ಮಗಳು ಊರಿನ ಮನೆಗೆ ಕನ್ಸೋಲ್ ತರುವ ಮಾತೆತ್ತಿದಾಗ ಹಿರಿಯರು ಕೇಳಬಹುದಾದ ಮೊದಲ ಪ್ರಶ್ನೆ ಇದೇ. ಉತ್ತರ ಕೊಡುವುದಾಗಿ ಹೇಳಿಕೊಳ್ಳುವ ಹೋಲಿಕೆ ಪಟ್ಟಿಗಳಿಗೇನೂ ಕೊರತೆಯಿಲ್ಲ. ಆದರೆ ಅವುಗಳಲ್ಲಿ ಹೆಚ್ಚಿನವು ದೊಡ್ಡ 4ಕೆ ಟಿ.ವಿ. ಹಾಗೂ ವೇಗದ ಇಂಟರ್‌ನೆಟ್ ಸಂಪರ್ಕವಿರುವ ವಿದೇಶಿ ಮನೆಗಳನ್ನು ಕಣ್ಣಮುಂದಿಟ್ಟುಕೊಂಡು ತಯಾರಾದವು. ಆಟವನ್ನು ಯಾರು ಯಾವ ಯಂತ್ರವನ್ನು ಮುಖ್ಯವಾಗಿಟ್ಟುಕೊಂಡು ರೂಪಿಸಿದರು, ಯಾವ ಆವೃತ್ತಿಯನ್ನು ಪರೀಕ್ಷಿಸಲಾಯಿತು, ಯಾವ ಪರದೆಯ ಮೇಲೆ ನೋಡಲಾಯಿತು ಎಂಬ ಮೂರು ಸಂಗತಿಗಳು ತಿಳಿಯದಿದ್ದರೆ ಆ ಪಟ್ಟಿಗಳ ಸಂಖ್ಯೆಗೆ ಇಲ್ಲಿನ ಮನೆಯಲ್ಲಿ ಅಷ್ಟೇನೂ ಅರ್ಥವಿರುವುದಿಲ್ಲ.

ಫ್ರೇಮಿನ ಲೆಕ್ಕ

ಪರದೆಯ ಮೇಲೆ ಓಡುವ ಆಟವು ವಾಸ್ತವದಲ್ಲಿ ಒಂದರ ಹಿಂದೊಂದು ಮೂಡುವ ಸ್ಥಿರಚಿತ್ರಗಳ ಸಾಲು. ಅಂಥ ಒಂದೊಂದು ಚಿತ್ರಕ್ಕೂ ಫ್ರೇಮ್ ಎಂದು ಹೆಸರು. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್‌ಗಳಿದ್ದು, ಅವೆಲ್ಲ ಮೊದಲೇ ಸಿದ್ಧವಾಗಿರುತ್ತವೆ. ಆಟದಲ್ಲಿ ಹಾಗಲ್ಲ. ಆಡುವವರು ಗುಂಡಿ ಒತ್ತಿದ ಮೇಲೆ ಪಾತ್ರ ಎಲ್ಲಿದೆ, ಎದುರಾಳಿ ಏನು ಮಾಡುತ್ತಾನೆ, ನೆರಳು ಎಲ್ಲಿ ಬೀಳಬೇಕು ಎಂಬುದನ್ನೆಲ್ಲ ಲೆಕ್ಕ ಹಾಕಿ ಯಂತ್ರವು ಚಿತ್ರವನ್ನು ಅಲ್ಲೇ ರಚಿಸಬೇಕು. ಸೆಕೆಂಡಿಗೆ 60 ಫ್ರೇಮ್ ಬೇಕೆಂದರೆ ಒಂದು ಚಿತ್ರಕ್ಕೆ ಸಿಗುವ ಕಾಲಾವಕಾಶ 16.7 ಮಿಲಿಸೆಕೆಂಡ್. 30 ಫ್ರೇಮ್ ಸಾಕೆಂದರೆ 33.3 ಮಿಲಿಸೆಕೆಂಡ್.

ಸಾಮಾನ್ಯ ಟಿ.ವಿ. ಸೆಕೆಂಡಿಗೆ 60 ಬಾರಿ ಪರದೆಯನ್ನು ಹೊಸದಾಗಿ ಬರೆಯುತ್ತದೆ. ಚಿತ್ರ 16.7 ಮಿಲಿಸೆಕೆಂಡಿನೊಳಗೆ ಸಿದ್ಧವಾಗದೆ 17 ಮಿಲಿಸೆಕೆಂಡ್ ಹಿಡಿದರೂ ಬಸ್ಸು ತಪ್ಪಿದಂತೆಯೇ; ಮುಂದಿನ ಸುತ್ತಿನವರೆಗೆ ಕಾಯಬೇಕು. ಅಲ್ಲಿಯವರೆಗೆ ಹಳೆಯ ಚಿತ್ರವೇ ಪರದೆಯ ಮೇಲೆ ಉಳಿಯುತ್ತದೆ. ಕಣ್ಣಿಗೆ ಅದು ಸಣ್ಣ ಮುಗ್ಗರಿಕೆಯಾಗಿ ತೋರುತ್ತದೆ. ಕಾಯದೆ ಅರ್ಧ ಬರೆದ ಪರದೆಯ ನಡುವೆಯೇ ಹೊಸ ಚಿತ್ರವನ್ನು ತುರುಕಿದರೆ ಮೇಲಿನ ಅರ್ಧ ಒಂದು ಚಿತ್ರ, ಕೆಳಗಿನ ಅರ್ಧ ಇನ್ನೊಂದು ಚಿತ್ರವಾಗಿ, ನಡುವೆ ಪರದೆ ಹರಿದಂತೆ ಕಾಣುತ್ತದೆ. ಇದಕ್ಕೆ ಟೇರಿಂಗ್ ಎನ್ನುತ್ತಾರೆ.

ಆದ್ದರಿಂದಲೇ ಸರಾಸರಿ ಫ್ರೇಮ್ ಸಂಖ್ಯೆಯನ್ನು ನೆಚ್ಚಿಕೊಳ್ಳುವಂತಿಲ್ಲ. ಒಂದು ಯಂತ್ರದಲ್ಲಿ ಆಟ 60ಕ್ಕೂ 30ಕ್ಕೂ ನಡುವೆ ಹತ್ತಿಳಿಯುತ್ತ ಸರಾಸರಿ 45 ಕೊಟ್ಟರೆ, ಇನ್ನೊಂದರಲ್ಲಿ 30ಕ್ಕೆ ಕಟ್ಟುನಿಟ್ಟಾಗಿ ನಿಂತರೆ, ಪಟ್ಟಿಯಲ್ಲಿ ಗೆಲ್ಲುವುದು ಮೊದಲನೆಯದು. ಆಡುವವರ ಕೈಗೆ ಹಿತವೆನಿಸುವುದು ಬಹುತೇಕ ಎರಡನೆಯದೇ.

ಇನ್ನೊಂದು ಅಳತೆ ರೆಸಲ್ಯೂಶನ್, ಅಂದರೆ ಒಂದು ಚಿತ್ರದಲ್ಲಿ ಎಷ್ಟು ಚುಕ್ಕೆಗಳಿವೆ ಎಂಬುದು. 720ಪಿ ಎಂದರೆ ಅಗಲಕ್ಕೆ 1280, ಎತ್ತರಕ್ಕೆ 720 ಚುಕ್ಕೆ. 1080ಪಿ ಎಂದರೆ 1920 ಮತ್ತು 1080. 4ಕೆ ಎಂದರೆ 3840 ಮತ್ತು 2160, ಒಟ್ಟು 80 ಲಕ್ಷಕ್ಕೂ ಹೆಚ್ಚು ಚುಕ್ಕೆ. ಚುಕ್ಕೆ ಹೆಚ್ಚಿದಂತೆ ಚಿತ್ರ ಸ್ಪಷ್ಟವಾಗುತ್ತದೆ, ಯಂತ್ರದ ದುಡಿಮೆಯೂ ಹೆಚ್ಚುತ್ತದೆ. ಆಟ ರೂಪಿಸುವವರು ಫ್ರೇಮ್, ಚುಕ್ಕೆ ಇವೆರಡರಲ್ಲಿ ಒಂದನ್ನು ಬಿಟ್ಟುಕೊಟ್ಟು ಇನ್ನೊಂದನ್ನು ಪಡೆಯುತ್ತಾರೆ. ಈಚಿನ ಆಟಗಳ ಆಯ್ಕೆಪಟ್ಟಿಯಲ್ಲಿ ಕಾಣುವ 'ಪರ್ಫಾರ್ಮೆನ್ಸ್', 'ಕ್ವಾಲಿಟಿ' ಎಂಬ ಎರಡು ಬಗೆಗಳು ಇದೇ ಚೌಕಾಸಿಯನ್ನು ಆಡುವವರ ಕೈಗೆ ಒಪ್ಪಿಸಿದ ರೂಪ.

ಅಳೆಯುವವರು ಯಾರು?

ಕಣ್ಣಂದಾಜಿನಲ್ಲಿ ನಡೆಯುತ್ತಿದ್ದ ಈ ಹೋಲಿಕೆಗೆ ಒಂದು ಶಿಸ್ತು ತಂದ ಹೆಸರು ಬ್ರಿಟನ್ನಿನ ಡಿಜಿಟಲ್ ಫೌಂಡ್ರಿ. ರಿಚರ್ಡ್ ಲೆಡ್‌ಬೆಟರ್ 2004ರಲ್ಲಿ ಸ್ಥಾಪಿಸಿದ ಈ ಸಂಸ್ಥೆಯ ವಿಶ್ಲೇಷಣೆಗಳು 2007ರಿಂದ ಯೂರೋಗೇಮರ್ ತಾಣದ ಮೂಲಕ ಓದುಗರಿಗೆ ತಲುಪಿದವು. ವಿಧಾನ ಸರಳವಾಗಿದೆ. ಕನ್ಸೋಲಿನಿಂದ ಟಿ.ವಿ.ಗೆ ಹೋಗುವ ಸಂಕೇತವನ್ನು ನಡುವೆಯೇ ಹಿಡಿದು, ಚೂರೂ ಕುಗ್ಗಿಸದೆ ಕಂಪ್ಯೂಟರಿನಲ್ಲಿ ದಾಖಲಿಸಿಕೊಳ್ಳುವುದು. ಬಳಿಕ ಪ್ರತಿ ಚಿತ್ರವನ್ನೂ ಹಿಂದಿನದರೊಂದಿಗೆ ತಾಳೆ ನೋಡುವುದು. ಎರಡೂ ಒಂದೇ ಆಗಿದ್ದರೆ ಯಂತ್ರ ಒಂದು ಫ್ರೇಮ್ ತಪ್ಪಿಸಿದೆ ಎಂದರ್ಥ.

ಚುಕ್ಕೆಯನ್ನು ಎಣಿಸುವ ಉಪಾಯವೂ ಸ್ವಾರಸ್ಯಕರ. ಕನ್ಸೋಲ್ 1080ಪಿ ಎಂದು ತೋರಿಸಿಕೊಂಡರೂ ಒಳಗೆ ಸಣ್ಣ ಚಿತ್ರ ಬರೆದು ಹಿಗ್ಗಿಸಿ ಕಳುಹಿಸುತ್ತಿರಬಹುದು. ಹಾಗಾಗಿ ಚಿತ್ರದಲ್ಲಿ ಓರೆಯಾಗಿರುವ ಒಂದು ಅಂಚನ್ನು, ಉದಾಹರಣೆಗೆ ಸೂರಿನ ಗೆರೆಯನ್ನು, ದೊಡ್ಡದು ಮಾಡಿ ಅದರ ಮೆಟ್ಟಿಲುಗಳನ್ನು ಎಣಿಸುತ್ತಾರೆ. ಪರದೆಯ ಮೂರು ಚುಕ್ಕೆಗಳ ಜಾಗದಲ್ಲಿ ಎರಡೇ ಮೆಟ್ಟಿಲು ಕಂಡರೆ 1080ರ ಮುಖವಾಡದ ಹಿಂದೆ ಇರುವುದು 720 ಎಂದು ಗೊತ್ತಾಗುತ್ತದೆ. ಕಂಪನಿಗಳ ಜಾಹೀರಾತಿಗೂ ವಾಸ್ತವಕ್ಕೂ ನಡುವಿನ ಅಂತರ ಹಲವು ಬಾರಿ ಬಯಲಾಗಿದ್ದು ಹೀಗೆ ಮೆಟ್ಟಿಲು ಎಣಿಸಿಯೇ.

50 ಹರ್ಟ್ಸ್‌ನ ಕಾಲ

ವಿದೇಶಿ ಹೋಲಿಕೆಗಳನ್ನು ಭಾರತದ ಮನೆಗೆ ನೇರವಾಗಿ ಅನ್ವಯಿಸಲಾಗದು ಎಂಬುದಕ್ಕೆ ಎಲ್ಲಕ್ಕಿಂತ ಹಳೆಯ ಕಾರಣ ಟಿ.ವಿ.ಯಲ್ಲೇ ಇತ್ತು. 1982ರಲ್ಲಿ ದೂರದರ್ಶನ ವರ್ಣ ಪ್ರಸಾರ ಆರಂಭಿಸಿದಾಗ ದೇಶ ಆರಿಸಿಕೊಂಡದ್ದು ಪಾಲ್ ಪದ್ಧತಿಯನ್ನು. ಅದರಲ್ಲಿ ಪರದೆ ಸೆಕೆಂಡಿಗೆ 50 ಬಾರಿ ಬರೆಯಲ್ಪಡುತ್ತದೆ. ಅಮೆರಿಕ, ಜಪಾನ್‌ಗಳ ಎನ್‌ಟಿಎಸ್‌ಸಿ ಪದ್ಧತಿಯಲ್ಲಿ 60 ಬಾರಿ. ಆಟಗಳು ಹುಟ್ಟುತ್ತಿದ್ದುದು ಬಹುಪಾಲು ಆ ಎರಡು ದೇಶಗಳಲ್ಲಿ, 60ರ ಲೆಕ್ಕಕ್ಕೆ. ಅಂದಿನ ಆಟಗಳಲ್ಲಿ ಪಾತ್ರದ ನಡಿಗೆಯೂ ಸಂಗೀತದ ತಾಳವೂ ಫ್ರೇಮಿಗೆ ಕಟ್ಟಿಕೊಂಡಿರುತ್ತಿದ್ದವು. ತಯಾರಕರು ತಿದ್ದದೆ ಹಾಗೆಯೇ 50ರ ಯಂತ್ರಕ್ಕೆ ಇಳಿಸಿದರೆ ಇಡೀ ಆಟವೇ ಆರನೇ ಒಂದು ಪಾಲು, ಅಂದರೆ ಶೇ 16.7ರಷ್ಟು ನಿಧಾನವಾಗುತ್ತಿತ್ತು. ಪಾಲ್ ಪರದೆಯಲ್ಲಿ ಗೆರೆಗಳು ಹೆಚ್ಚಿದ್ದುದರಿಂದ ಚಿತ್ರದ ಮೇಲೆ, ಕೆಳಗೆ ಕಪ್ಪು ಪಟ್ಟಿಗಳೂ ಉಳಿಯುತ್ತಿದ್ದವು.

ಸೆಗಾ ಕಂಪನಿಯ 'ಸೋನಿಕ್ ದ ಹೆಡ್ಜ್‌ಹಾಗ್' ಇದಕ್ಕೆ ಪ್ರಸಿದ್ಧ ಉದಾಹರಣೆ. ವೇಗವನ್ನೇ ಬಂಡವಾಳ ಮಾಡಿಕೊಂಡಿದ್ದ ಆ ಆಟ 50 ಹರ್ಟ್ಸ್ ಮೆಗಾ ಡ್ರೈವ್ ಯಂತ್ರದಲ್ಲಿ ಸಂಗೀತದ ಸಮೇತ ನಿಧಾನವಾಗಿತ್ತು. 1990ರ ದಶಕದಲ್ಲಿ ಕರ್ನಾಟಕದ ಸಣ್ಣ ಪಟ್ಟಣಗಳ ಮಕ್ಕಳು ಆಡಿದ್ದು ಇದಕ್ಕಿಂತ ಅಗ್ಗದ, ನಿಂಟೆಂಡೊ ಫ್ಯಾಮಿಕಾಮ್ ಯಂತ್ರದ ನಕಲುಗಳಲ್ಲಿ. 'ಲಿಟಲ್ ಮಾಸ್ಟರ್', 'ಟರ್ಮಿನೇಟರ್' ಮುಂತಾದ ಹೆಸರುಗಳಲ್ಲಿ ಮಾರಾಟವಾದ ಈ ಯಂತ್ರಗಳಿಗೆ 'ಟಿ.ವಿ. ಗೇಮ್' ಎಂದೂ, ಅದರೊಳಗೆ ಸಿಕ್ಕಿಸುತ್ತಿದ್ದ ಆಟದ ಪೆಟ್ಟಿಗೆಗೆ 'ಕ್ಯಾಸೆಟ್' ಎಂದೂ ಹೆಸರು. ಸಾವಿರಾರು ಆಟಗಳಿವೆ ಎಂದು ಮೇಲೆ ಅಚ್ಚಾಗಿದ್ದ ಕ್ಯಾಸೆಟ್‌ನಲ್ಲಿ ಮಾರಿಯೋ, ಕಾಂಟ್ರಾದಂಥ ಹತ್ತಾರು ಆಟಗಳೇ ಹೆಸರು ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತಿದ್ದವು. ಪಾಲ್ ಟಿ.ವಿ.ಗೆ ಹೊಂದಿಸಿದ ಯಂತ್ರದಲ್ಲಿ ಮಾರಿಯೋ ಓಡುತ್ತಿದ್ದುದು 50ರ ಲೆಕ್ಕದಲ್ಲಿ. ಮೂಲ ಆಟ ಇದಕ್ಕಿಂತ ಚುರುಕು ಎಂದು ಆಡುವ ಮಕ್ಕಳಿಗೆ ತಿಳಿಯಲು ದಾರಿಯೇ ಇರಲಿಲ್ಲ; ಹೋಲಿಸಲು ಇನ್ನೊಂದು ಯಂತ್ರ ಇದ್ದರೆ ತಾನೆ?

ಹೊರದೇಶದ ಯಂತ್ರ ತರಿಸಿಕೊಂಡವರಿಗೆ ಬೇರೆಯೇ ತೊಂದರೆ ಕಾದಿತ್ತು. ಅಮೆರಿಕದ ಕನ್ಸೋಲನ್ನು ಬರೀ ಪಾಲ್ ಗೊತ್ತಿರುವ ಹಳೆಯ ಟಿ.ವಿ.ಗೆ ಜೋಡಿಸಿದರೆ ಚಿತ್ರ ಕಪ್ಪು–ಬಿಳುಪಾಗಿ ಬರುತ್ತಿತ್ತು, ಕೆಲವೊಮ್ಮೆ ಮೇಲಿಂದ ಕೆಳಕ್ಕೆ ಉರುಳುತ್ತಿತ್ತು. ಪ್ಲೇಸ್ಟೇಷನ್ 2ರ ಕಾಲಕ್ಕೆ ಪಾಲ್ ಆವೃತ್ತಿಯ ಹಲವು ಆಟಗಳು ಆರಂಭದಲ್ಲೇ '50 ಹರ್ಟ್ಸ್ ಬೇಕೋ, 60 ಹರ್ಟ್ಸ್ ಬೇಕೋ' ಎಂದು ಕೇಳತೊಡಗಿದವು. ಎಲ್ಲವೂ ಅಲ್ಲ. 2002ರಲ್ಲಿ ಪಾಲ್ ದೇಶಗಳಿಗೆ ಬಂದ 'ಫೈನಲ್ ಫ್ಯಾಂಟಸಿ 10' ಕಪ್ಪು ಪಟ್ಟಿ ಹೊತ್ತೇ ಬಂದಿತು. ಎಚ್‌ಡಿಎಂಐ ತಂತಿಯ ಎಚ್‌ಡಿ ಟಿ.ವಿ.ಗಳು ಮನೆ ಸೇರಿದ ಮೇಲೆ ಈ ಅಧ್ಯಾಯ ಮುಗಿಯಿತು.

ಪಿಎಸ್ 2, ಎಕ್ಸ್‌ಬಾಕ್ಸ್, ಗೇಮ್‌ಕ್ಯೂಬ್

2000ದ ಮಾರ್ಚ್‌ನಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ಪ್ಲೇಸ್ಟೇಷನ್ 2ರಲ್ಲಿ ಇದ್ದುದು 32 ಎಂಬಿ ಮುಖ್ಯ ಮೆಮೊರಿ. 2001ರ ನವೆಂಬರ್‌ನಲ್ಲಿ ಬಂದ ಮೊದಲ ಎಕ್ಸ್‌ಬಾಕ್ಸ್‌ನಲ್ಲಿ 64 ಎಂಬಿ, ಜೊತೆಗೆ 733 ಮೆಗಾಹರ್ಟ್ಸ್ ಪ್ರೊಸೆಸರ್ ಮತ್ತು ಹಾರ್ಡ್ ಡಿಸ್ಕ್. ಕಾಗದದ ಮೇಲೆ ಎಕ್ಸ್‌ಬಾಕ್ಸ್ ಬಲಶಾಲಿ. ಮಾರಾಟದಲ್ಲಿ 15 ಕೋಟಿ ದಾಟಿದ್ದು ಪ್ಲೇಸ್ಟೇಷನ್ 2.

ಈ ತಲೆಮಾರಿನ ಹೋಲಿಕೆಗೆ 'ರೆಸಿಡೆಂಟ್ ಈವಿಲ್ 4' ಒಳ್ಳೆಯ ನಿದರ್ಶನ. ಕ್ಯಾಪ್‌ಕಾಮ್ ಕಂಪನಿ ಅದನ್ನು ನಿಂಟೆಂಡೊ ಗೇಮ್‌ಕ್ಯೂಬ್‌ಗೆಂದೇ ರೂಪಿಸಿ 2005ರ ಜನವರಿಯಲ್ಲಿ ಬಿಡುಗಡೆ ಮಾಡಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಪ್ಲೇಸ್ಟೇಷನ್ 2ಕ್ಕೆ ತಂದಾಗ ಪಾತ್ರ, ಪರಿಸರಗಳ ವಿವರಗಳನ್ನು ಕಡಿತ ಮಾಡಬೇಕಾಯಿತು. ಕಥೆ ಹೇಳುವ ದೃಶ್ಯಗಳನ್ನು ಯಂತ್ರವೇ ರಚಿಸುವ ಬದಲು ಮೊದಲೇ ಚಿತ್ರಿಸಿದ ವಿಡಿಯೋ ರೂಪದಲ್ಲಿ ಸೇರಿಸಲಾಯಿತು. ಪರಿಣಾಮವಾಗಿ ನಾಯಕನಿಗೆ ಆಡುವವರು ಬೇರೆ ಉಡುಪು ತೊಡಿಸಿದ್ದರೂ ಕಥಾದೃಶ್ಯದಲ್ಲಿ ಆತ ಹಳೆಯ ಅಂಗಿಯಲ್ಲೇ ಪ್ರತ್ಯಕ್ಷನಾಗುತ್ತಿದ್ದ. ಆದರೆ ಪ್ಲೇಸ್ಟೇಷನ್ 2ರ ಖರೀದಿದಾರರಿಗೆ 'ಸೆಪರೇಟ್ ವೇಸ್' ಎಂಬ ಹೊಸ ಅಧ್ಯಾಯ ಸಿಕ್ಕಿತು, ಗೇಮ್‌ಕ್ಯೂಬ್‌ನಲ್ಲಿ ಅದಿರಲಿಲ್ಲ. ಚಿತ್ರ ಕಡಿಮೆ, ಆಟ ಹೆಚ್ಚು. ಇಂಥದ್ದನ್ನು ಫ್ರೇಮ್ ಪಟ್ಟಿ ಹೇಳುವುದಿಲ್ಲ.

ಸ್ಕೈರಿಮ್ ಪ್ರಕರಣ

ಹೋಲಿಕೆಯ ಚರಿತ್ರೆಯಲ್ಲಿ ಅತ್ಯಂತ ಕಹಿಯಾದ ಅಧ್ಯಾಯ ಪ್ಲೇಸ್ಟೇಷನ್ 3 ಮತ್ತು ಎಕ್ಸ್‌ಬಾಕ್ಸ್ 360 ನಡುವಿನದು. ಎರಡರಲ್ಲೂ ಒಟ್ಟು ಮೆಮೊರಿ 512 ಎಂಬಿ. ಎಕ್ಸ್‌ಬಾಕ್ಸ್ 360ರಲ್ಲಿ ಅದು ಒಂದೇ ಕಣಜ. ಆಟಕ್ಕೆ ಎಲ್ಲಿ ಬೇಕೋ ಅಲ್ಲಿ ಬಳಸಬಹುದು. ಪ್ಲೇಸ್ಟೇಷನ್ 3ರಲ್ಲಿ 256ರ ಎರಡು ಪ್ರತ್ಯೇಕ ಪಾಲು, ಒಂದು ಮುಖ್ಯ ಪ್ರೊಸೆಸರಿಗೆ, ಇನ್ನೊಂದು ಚಿತ್ರ ಬರೆಯುವ ಭಾಗಕ್ಕೆ. ಅಣ್ಣ–ತಮ್ಮಂದಿರು ತೋಟ ಪಾಲು ಮಾಡಿಕೊಂಡಂತೆ: ಒಬ್ಬನ ಬಾವಿಯಲ್ಲಿ ನೀರು ಮಿಕ್ಕಿದ್ದರೂ ಇನ್ನೊಬ್ಬನ ಸಾಲು ಒಣಗುವುದು ತಪ್ಪುವುದಿಲ್ಲ. ಪ್ಲೇಸ್ಟೇಷನ್ 3ರ ಸೆಲ್ ಪ್ರೊಸೆಸರ್ ಲೆಕ್ಕದಲ್ಲಿ ಬಲವಾದದ್ದೇ. ಆ ಬಲವನ್ನು ದುಡಿಸಿಕೊಳ್ಳಲು ಪ್ರೋಗ್ರಾಮ್ ಬರೆಯುವವರು ವಿಶೇಷವಾಗಿ ಶ್ರಮಿಸಬೇಕಿತ್ತು.

ಶ್ರಮಿಸದಿದ್ದರೆ ಏನಾಗುತ್ತದೆ ಎಂಬುದನ್ನು 2009ರ 'ಬಯೊನೆಟ್ಟಾ' ತೋರಿಸಿತು. ಪ್ಲಾಟಿನಮ್ ಗೇಮ್ಸ್ ಅದನ್ನು ಎಕ್ಸ್‌ಬಾಕ್ಸ್ 360ಕ್ಕೆ ರೂಪಿಸಿತು. ಪ್ಲೇಸ್ಟೇಷನ್ 3 ಆವೃತ್ತಿಯನ್ನು ಸೆಗಾ ತಯಾರಿಸಿತು. ಅದರಲ್ಲಿ ಫ್ರೇಮ್ ದರ ಗಣನೀಯವಾಗಿ ಕಡಿಮೆಯಿತ್ತು. ಯಂತ್ರ ದುರ್ಬಲವೆಂಬ ಕಾರಣಕ್ಕೆ ಅಲ್ಲ ಎಂಬುದಕ್ಕೆ ಅದೇ ಯಂತ್ರದಲ್ಲಿ ಅದೇ ವರ್ಷ ಬಂದ 'ಅನ್‌ಚಾರ್ಟೆಡ್ 2' ಸಾಕ್ಷಿ.

2011ರ ನವೆಂಬರ್ 11ರಂದು ಬಿಡುಗಡೆಯಾದ 'ಸ್ಕೈರಿಮ್' ಪ್ರಕರಣ ಇದಕ್ಕಿಂತ ಗಂಭೀರ. ವಿಶಾಲ ಲೋಕದ ಆ ಆಟದಲ್ಲಿ ಆಡುವವರು ಎತ್ತಿಟ್ಟ ವಸ್ತು, ಕೊಂದ ಎದುರಾಳಿ, ತೆರೆದ ಬಾಗಿಲು ಹೀಗೆ ಅಸಂಖ್ಯ ಬದಲಾವಣೆಗಳನ್ನು ಯಂತ್ರ ನೆನಪಿಟ್ಟುಕೊಳ್ಳಬೇಕು. ಗಂಟೆಗಳು ಕಳೆದಂತೆ ಈ ದಾಖಲೆ ಬೆಳೆಯುತ್ತ ಹೋಗುತ್ತದೆ. ಪ್ಲೇಸ್ಟೇಷನ್ 3ರ ಪಾಲಾದ ಮೆಮೊರಿಯಲ್ಲಿ ಅದಕ್ಕೆ ಜಾಗ ಸಾಲದಾಯಿತು. ಮೊದಲ ದಿನಗಳಲ್ಲಿ ಸಲೀಸಾಗಿ ನಡೆದ ಆಟ, ಹತ್ತಾರು ಗಂಟೆ ಆಡಿದವರ ಮನೆಯಲ್ಲಿ ತೆವಳತೊಡಗಿತು. ಹೆಚ್ಚು ಪ್ರೀತಿಯಿಂದ ಆಡಿದವರಿಗೇ ಹೆಚ್ಚು ತೊಂದರೆ. ಆರಂಭದ ಕೆಲವು ಗಂಟೆಗಳ ಆಟವನ್ನಷ್ಟೇ ಅಳೆಯುವ ಪರೀಕ್ಷೆಗೆ ಈ ದೋಷ ಸಿಕ್ಕಿಬೀಳುವುದೇ ಇಲ್ಲ. ಬೆಥೆಸ್ಡಾ ಕಂಪನಿ ತಿದ್ದುಪಡಿಗಳನ್ನು ಹೊರಡಿಸಬೇಕಾಯಿತು. 'ಡಾನ್‌ಗಾರ್ಡ್' ಎಂಬ ಹೆಚ್ಚುವರಿ ಭಾಗ ಎಕ್ಸ್‌ಬಾಕ್ಸ್‌ಗೆ 2012ರ ಜೂನ್‌ನಲ್ಲೇ ಬಂದರೆ ಪ್ಲೇಸ್ಟೇಷನ್ 3ರ ಮಾಲೀಕರು 2013ರ ಫೆಬ್ರವರಿವರೆಗೆ ಕಾದರು.

ಎಕ್ಸ್‌ಬಾಕ್ಸ್ 360 ಕೊಂಡವರು ನಿಶ್ಚಿಂತೆಯಿಂದ ಇದ್ದರೆಂದಲ್ಲ. ಅತಿಯಾದ ಬಿಸಿ ಸೇರಿದಂತೆ ಯಂತ್ರಾಂಶದ ದೋಷಗಳಿಂದ ಕನ್ಸೋಲಿನ ಮುಂಭಾಗದಲ್ಲಿ ಕೆಂಪು ದೀಪಗಳು ಹೊತ್ತಿ ಯಂತ್ರವೇ ಸತ್ತುಹೋಗುವ ಪ್ರಕರಣಗಳು ವಿಪರೀತವಾದಾಗ, ಮೈಕ್ರೋಸಾಫ್ಟ್ 2007ರ ಜುಲೈನಲ್ಲಿ ಈ ದೋಷಕ್ಕೆ ವಾರಂಟಿಯನ್ನು ಮೂರು ವರ್ಷಕ್ಕೆ ವಿಸ್ತರಿಸಿ ನೂರು ಕೋಟಿ ಡಾಲರ್‌ಗೂ ಹೆಚ್ಚು ಮೊತ್ತವನ್ನು ತೆಗೆದಿರಿಸಿತು. ಫ್ರೇಮ್ ಎಷ್ಟಿದ್ದರೇನು, ಯಂತ್ರ ಹೊತ್ತಿಕೊಳ್ಳದಿದ್ದ ಮೇಲೆ!

ಬೆಂಗಳೂರಿನ ಪಾಲು

ಈ ಪೈಪೋಟಿಯಲ್ಲಿ ಕರ್ನಾಟಕ ಬರೀ ಗ್ರಾಹಕನ ಸ್ಥಾನದಲ್ಲಿಲ್ಲ. ರಾಜೇಶ್ ರಾವ್ ಅವರು ಸ್ಥಾಪಿಸಿದ ಬೆಂಗಳೂರಿನ ಧ್ರುವ ಇಂಟರಾಕ್ಟಿವ್ 1997ರಿಂದ ಗೇಮ್ ತಯಾರಿಕೆಯಲ್ಲಿ ತೊಡಗಿದ, ದೇಶದ ಮೊದಲ ತಲೆಮಾರಿನ ಸಂಸ್ಥೆ. ಎಕ್ಸ್‌ಬಾಕ್ಸ್‌ನ ಹೆಮ್ಮೆಯ 'ಫೋರ್ಜಾ' ಕಾರ್ ರೇಸಿಂಗ್ ಸರಣಿಯ ಕಲಾಕೆಲಸದಲ್ಲಿ ಅದರ ಪಾಲಿದೆ. ಸ್ವೀಡನ್ನಿನ ಸ್ಟಾರ್‌ಬ್ರೀಜ್ ಕೈಗೆ ಹೋಗಿದ್ದ ಸಂಸ್ಥೆಯನ್ನು 2019ರಲ್ಲಿ 79 ಲಕ್ಷ ಡಾಲರ್‌ಗೆ ಖರೀದಿಸಿದ್ದು ರಾಕ್‌ಸ್ಟಾರ್ ಗೇಮ್ಸ್. ಬೆಂಗಳೂರಿನಲ್ಲೇ ಇದ್ದ ರಾಕ್‌ಸ್ಟಾರ್ ಇಂಡಿಯಾ ಸ್ಟುಡಿಯೋದ ಜೊತೆ ಧ್ರುವದ ತಂಡ ಸೇರಿಕೊಂಡಿತು.

ಇದೇ ರಾಕ್‌ಸ್ಟಾರ್ ಇಂಡಿಯಾ, ಕಂಪನಿಯ ಇತರ ಸ್ಟುಡಿಯೋಗಳೊಂದಿಗೆ ದುಡಿದ 'ರೆಡ್ ಡೆಡ್ ರಿಡೆಂಪ್ಷನ್ 2' 2018ರ ಅಕ್ಟೋಬರ್ 26ರಂದು ತೆರೆಕಂಡಿತು. ಕನ್ಸೋಲ್ ಹೋಲಿಕೆ ಕಲಿಯಬಯಸುವವರಿಗೆ ಇದಕ್ಕಿಂತ ಉತ್ತಮ ಪಾಠ ಸಿಗುವುದು ಕಷ್ಟ. ಒಂದೇ ಆಟ, ಒಂದೇ ದಿನ, ನಾಲ್ಕು ಯಂತ್ರಗಳಿಗೆ ಬಂದಿತು. ನಾಲ್ಕರಲ್ಲೂ ಗುರಿ ಸೆಕೆಂಡಿಗೆ 30 ಫ್ರೇಮ್. ವ್ಯತ್ಯಾಸವೆಲ್ಲ ಚುಕ್ಕೆಗಳಲ್ಲಿ.

ಸಾಮಾನ್ಯ ಎಕ್ಸ್‌ಬಾಕ್ಸ್ ಒನ್‌ನಲ್ಲಿ ಚಿತ್ರದ ಎತ್ತರ 864 ಚುಕ್ಕೆ. ಸಾಮಾನ್ಯ ಪ್ಲೇಸ್ಟೇಷನ್ 4ರಲ್ಲಿ 1080. ಎಕ್ಸ್‌ಬಾಕ್ಸ್ ಒನ್ ಎಕ್ಸ್‌ನಲ್ಲಿ ಪೂರ್ಣ 4ಕೆ; ಅಂದರೆ ಅದೇ ಕುಟುಂಬದ ಸಾಮಾನ್ಯ ಯಂತ್ರದ ಆರೂಕಾಲು ಪಟ್ಟು ಚುಕ್ಕೆ. ಪ್ಲೇಸ್ಟೇಷನ್ 4 ಪ್ರೊ ಮಾತ್ರ ಅಗಲದಲ್ಲಿ ಅರ್ಧ ಚುಕ್ಕೆಗಳನ್ನಷ್ಟೇ ಬರೆದು ಉಳಿದರ್ಧವನ್ನು ಊಹೆಯಿಂದ ತುಂಬಿ 4ಕೆ ಎಂದು ತೋರಿಸುತ್ತಿತ್ತು. ಚಿತ್ರ ಮಸುಕಾಗಿದೆ ಎಂಬ ದೂರು ಬಂದದ್ದು ಈ ದುಬಾರಿ ಮಾದರಿಯ ಬಗ್ಗೆಯೇ.

ಗಮನಿಸಬೇಕಾದ ಸಂಗತಿ ಎಂದರೆ, 'ಎಕ್ಸ್‌ಬಾಕ್ಸ್ ಮೇಲೋ, ಪ್ಲೇಸ್ಟೇಷನ್ ಮೇಲೋ' ಎಂಬ ಪ್ರಶ್ನೆಗೆ ಈ ಆಟದಲ್ಲಿ ಒಂದೇ ಉತ್ತರವಿಲ್ಲ. ಅಗ್ಗದ ಮಾದರಿಗಳಲ್ಲಿ ಪ್ಲೇಸ್ಟೇಷನ್ ಮುಂದು, ದುಬಾರಿ ಮಾದರಿಗಳಲ್ಲಿ ಎಕ್ಸ್‌ಬಾಕ್ಸ್. 2013ರಲ್ಲಿ 'ಕಾಲ್ ಆಫ್ ಡ್ಯೂಟಿ: ಘೋಸ್ಟ್ಸ್' ಪ್ಲೇಸ್ಟೇಷನ್ 4ರಲ್ಲಿ 1080ಪಿ, ಎಕ್ಸ್‌ಬಾಕ್ಸ್ ಒನ್‌ನಲ್ಲಿ 720ಪಿ ಎಂದು ತಿಳಿದಾಗ ವಾದ ಮುಗಿಯಿತೆಂದು ಹಲವರು ಭಾವಿಸಿದ್ದರು. ಮರುವರ್ಷವೇ ಬಂದ 'ಅಸಾಸಿನ್ಸ್ ಕ್ರೀಡ್: ಯೂನಿಟಿ' ಎರಡರಲ್ಲೂ 900ಪಿ ಇದ್ದು, ತುಸು ವೇಗದ ಪ್ರೊಸೆಸರ್ ಹೊಂದಿದ್ದ ಎಕ್ಸ್‌ಬಾಕ್ಸ್ ಒನ್‌ನಲ್ಲೇ ಮೇಲಾಗಿ ಓಡಿತು. ಜನಜಂಗುಳಿಯ ಪ್ಯಾರಿಸ್ ಬೀದಿಗಳ ಆ ಆಟಕ್ಕೆ ಚಿತ್ರಶಕ್ತಿಗಿಂತ ಲೆಕ್ಕದ ಶಕ್ತಿ ಹೆಚ್ಚು ಬೇಕಿತ್ತು.

ಹೊಸ ತಲೆಮಾರು

ಈಗಿನ ಯಂತ್ರಗಳ ಜಾಹೀರಾತಿನಲ್ಲಿ ಮೊದಲು ಕಾಣುವ ಪದ ಟೆರಾಫ್ಲಾಪ್, ಅಂದರೆ ಸೆಕೆಂಡಿಗೆ ಲಕ್ಷ ಕೋಟಿ ಲೆಕ್ಕಗಳು. ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್‌ಗೆ 12, ಪ್ಲೇಸ್ಟೇಷನ್ 5ಕ್ಕೆ 10ಕ್ಕೂ ಸ್ವಲ್ಪ ಹೆಚ್ಚು, ಸೀರೀಸ್ ಎಸ್‌ಗೆ 4. ಹಾಗಿದ್ದರೂ 2020ರ ನವೆಂಬರ್‌ನಲ್ಲಿ ಬಂದ 'ಅಸಾಸಿನ್ಸ್ ಕ್ರೀಡ್: ವಲ್ಹಲ್ಲಾ' ಆರಂಭದಲ್ಲಿ ಪ್ಲೇಸ್ಟೇಷನ್ 5ರಲ್ಲೇ ಸ್ಥಿರವಾಗಿತ್ತು, ಸೀರೀಸ್ ಎಕ್ಸ್‌ನಲ್ಲಿ ಪರದೆ ಹರಿಯುತ್ತಿತ್ತು. ಸಂಖ್ಯೆ ನೋಡಿ ಯಂತ್ರ ಕೊಂಡವರಿಗೆ ಅದು ಮೊದಲ ಆಘಾತ.

ಅಗ್ಗದ ಸೀರೀಸ್ ಎಸ್‌ನ ಮಿತಿ ಬಯಲಾದದ್ದು 'ಬಾಲ್ಡರ್ಸ್ ಗೇಟ್ 3' ಆಟದಲ್ಲಿ. ಅದು ಪ್ಲೇಸ್ಟೇಷನ್ 5ಕ್ಕೆ 2023ರ ಸೆಪ್ಟೆಂಬರ್‌ನಲ್ಲೇ ಬಂದಿತು. ಒಂದೇ ಪರದೆಯನ್ನು ಸೀಳಿಕೊಂಡು ಇಬ್ಬರು ಆಡುವ ಸೌಲಭ್ಯ, 10 ಜಿಬಿ ಮೆಮೊರಿಯ ಸೀರೀಸ್ ಎಸ್‌ನಲ್ಲಿ ಹಿಡಿಸಲಿಲ್ಲ. ಕೊನೆಗೆ ಆ ಸೌಲಭ್ಯವನ್ನು ಸೀರೀಸ್ ಎಸ್ ಮಟ್ಟಿಗೆ ಕೈಬಿಟ್ಟು ಡಿಸೆಂಬರ್‌ನಲ್ಲಿ ಎಕ್ಸ್‌ಬಾಕ್ಸ್‌ಗೆ ಬಿಡುಗಡೆ ಮಾಡಲಾಯಿತು. 2025ರ ಏಪ್ರಿಲ್‌ನ ಪರಿಷ್ಕರಣೆಯಲ್ಲಿ ಅದನ್ನೂ ಸೇರಿಸಲಾಯಿತು. ಹೀಗಾಗಿ 2023ರ ಹೋಲಿಕೆ ಓದಿ ಇಂದು ತೀರ್ಮಾನಿಸಿದರೆ ತಪ್ಪಾಗುತ್ತದೆ. ಹೋಲಿಕೆ ಬರಹದ ಕೊನೆಯಲ್ಲಿ ಪರೀಕ್ಷಿಸಿದ ಆವೃತ್ತಿಯ ಸಂಖ್ಯೆ, ದಿನಾಂಕ ಇಲ್ಲದಿದ್ದರೆ ಅದನ್ನು ಬದಿಗಿಡುವುದೇ ಲೇಸು.

2020ರ ಡಿಸೆಂಬರ್ 10ರಂದು ಬಿಡುಗಡೆಯಾದ 'ಸೈಬರ್‌ಪಂಕ್ 2077' ಹಳೆಯ ಪ್ಲೇಸ್ಟೇಷನ್ 4ರಲ್ಲಿ ಕೆಲವೊಮ್ಮೆ 20 ಫ್ರೇಮಿಗಿಂತಲೂ ಕೆಳಗಿಳಿಯುತ್ತಿತ್ತು. ಒಂದೇ ವಾರದಲ್ಲಿ ಸೋನಿ ಅದನ್ನು ತನ್ನ ಆನ್‌ಲೈನ್ ಮಳಿಗೆಯಿಂದ ತೆಗೆದುಹಾಕಿ ಹಣ ಮರಳಿಸುವುದಾಗಿ ಪ್ರಕಟಿಸಿತು. ಆಟ ಮಳಿಗೆಗೆ ವಾಪಸಾದದ್ದು 2021ರ ಜೂನ್ 21ರಂದು.

ತೆಂಗಿನ ಸೀಮೆಯ ಮನೆಯಲ್ಲಿ

ಇಷ್ಟನ್ನೂ ಇಟ್ಟುಕೊಂಡು ತೋಟದ ನಡುವಿನ ಮನೆಯೊಂದರ ನಡುಮನೆಗೆ ಬಂದರೆ ಲೆಕ್ಕ ಬೇರೆಯಾಗುತ್ತದೆ. ಮೊದಲನೆಯದು ಟಿ.ವಿ. 32 ಅಂಗುಲದ 'ಎಚ್‌ಡಿ ರೆಡಿ' ಟಿ.ವಿ.ಯ ಪರದೆಯಲ್ಲಿ ಇರುವುದು ಅಗಲಕ್ಕೆ 1366, ಎತ್ತರಕ್ಕೆ 768 ಚುಕ್ಕೆ. ರೆಡ್ ಡೆಡ್ ರಿಡೆಂಪ್ಷನ್ 2 ಆಟದ ಅತ್ಯಂತ ದುರ್ಬಲ ಆವೃತ್ತಿಯ 864 ಕೂಡ ಇದಕ್ಕಿಂತ ಹೆಚ್ಚು! ಅಂಥ ಪರದೆಯ ಮೇಲೆ ದುಬಾರಿ ಯಂತ್ರದಿಂದ ಅಂಚುಗಳು ತುಸು ನುಣುಪಾಗಬಹುದೇ ಹೊರತು 4ಕೆ ಎಂಬುದು ಬರೀ ಪೆಟ್ಟಿಗೆಯ ಮೇಲಿನ ಅಕ್ಷರ. ಫ್ರೇಮ್ ದರದ ವ್ಯತ್ಯಾಸ ಮಾತ್ರ ಸಣ್ಣ ಟಿ.ವಿ.ಯಲ್ಲೂ ಅಷ್ಟೇ ಸ್ಪಷ್ಟವಾಗಿ ಕಾಣುತ್ತದೆ. ಆದ್ದರಿಂದ ಇಂಥ ಮನೆಯವರು ಹೋಲಿಕೆ ಪಟ್ಟಿಯಲ್ಲಿ ರೆಸಲ್ಯೂಶನ್ ಸಾಲನ್ನು ದಾಟಿ ಫ್ರೇಮ್ ಸಾಲಿಗೆ ಹೋಗುವುದು ಸೂಕ್ತ. ಟಿ.ವಿ.ಯಲ್ಲಿ 'ಗೇಮ್ ಮೋಡ್' ಇದ್ದರೆ ಅದನ್ನು ಹಾಕಿಕೊಳ್ಳುವುದು ಕಾಸು ಖರ್ಚಿಲ್ಲದ ಸುಧಾರಣೆ. ಗುಂಡಿ ಒತ್ತುವುದಕ್ಕೂ ಪರದೆ ಸ್ಪಂದಿಸುವುದಕ್ಕೂ ನಡುವಿನ ವಿಳಂಬ ಅದರಿಂದ ತಗ್ಗುತ್ತದೆ.

ವಿದ್ಯುತ್ ಎರಡನೆಯದು. ಪಂಪ್‌ಸೆಟ್‌ಗಳು ಓಡುವ ಹೊತ್ತಿಗೆ ವೋಲ್ಟೇಜ್ ಕುಸಿಯುವುದು ತೋಟದ ಮನೆಗಳಿಗೆ ಹೊಸತಲ್ಲ. ದೀಪ ಮಂಕಾದಂತೆ ಆಟವೂ ನಿಧಾನವಾಗುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. ಕನ್ಸೋಲಿನ ವಿದ್ಯುತ್ ಘಟಕ ಒಂದು ಮಿತಿಯವರೆಗೆ ಏರಿಳಿತವನ್ನು ತಾಳಿಕೊಂಡು ಒಳಕ್ಕೆ ಒಂದೇ ಸಮನೆ ಪೂರೈಸುತ್ತದೆ. ಮಿತಿ ದಾಟಿದರೆ ಯಂತ್ರವೇ ಆರಿಹೋಗುತ್ತದೆ. ಆಟ ಉಳಿಸಿಕೊಳ್ಳುವ ಗಳಿಗೆಯಲ್ಲೋ ಪರಿಷ್ಕರಣೆ ಅಳವಡಿಕೆಯಾಗುವಾಗಲೋ ಕರೆಂಟ್ ಹೋದರೆ ದತ್ತಾಂಶ ಕೆಡುವ ಅಪಾಯವಿದೆ. ಪ್ಲೇಸ್ಟೇಷನ್ 5 ಆಟದ ವೇಳೆ 200 ವಾಟ್ ಆಸುಪಾಸು ಎಳೆಯುತ್ತದೆ, ಸೀರೀಸ್ ಎಸ್ ಅದರ ಅರ್ಧಕ್ಕಿಂತ ಕಡಿಮೆ. ಯುಪಿಎಸ್ ಮೇಲೆ ನಡೆಸುವ ಮನೆಗೆ ಇದು ಗಣನೀಯ ಅಂತರ. ಯಾವ ಫ್ರೇಮ್ ಪಟ್ಟಿಯಲ್ಲೂ ಇದಕ್ಕೆ ಜಾಗವಿರುವುದಿಲ್ಲ.

ಬಿಸಿಲಿನ ಬಗ್ಗೆ ಸೋನಿ ಸ್ಪಷ್ಟನೆ ನೀಡಿದೆ. ಪ್ಲೇಸ್ಟೇಷನ್ 5ರ ಮುಖ್ಯ ವಿನ್ಯಾಸಕಾರ ಮಾರ್ಕ್ ಸರ್ನಿ 2020ರ ಮಾರ್ಚ್‌ನಲ್ಲಿ ವಿವರಿಸಿದಂತೆ ಅದರ ಪ್ರೊಸೆಸರ್ ವೇಗ ಆಟದ ಹೊರೆಯನ್ನು ಅವಲಂಬಿಸಿ ಬದಲಾಗುತ್ತದೆ, ಕೋಣೆಯ ಉಷ್ಣಾಂಶವನ್ನು ಅವಲಂಬಿಸಿ ಅಲ್ಲ. ಹೀಗಾಗಿ ಚಳಿಯ ನಾಡಿನಲ್ಲಿ ಅಳೆದ ಫ್ರೇಮ್ ಸಂಖ್ಯೆಯೇ ತಿಪಟೂರಿನಲ್ಲೂ ಬರಬೇಕು. ಆದರೆ ಕಂಪನಿ ಸೂಚಿಸುವ ಬಳಕೆಯ ಮಿತಿ 35 ಡಿಗ್ರಿ ಸೆಲ್ಸಿಯಸ್. ಏಪ್ರಿಲ್ ಮಧ್ಯಾಹ್ನ ಆ ಮಟ್ಟ ದಾಟುವುದು ಈ ಭಾಗದಲ್ಲಿ ಅಪರೂಪವಲ್ಲ. ತೆಂಗಿನ ನಾರಿನ ದೂಳು ಗಾಳಿಕಿಂಡಿಯಲ್ಲಿ ಕಟ್ಟಿಕೊಂಡರೆ ಯಂತ್ರ ಕಾದು ಎಚ್ಚರಿಕೆ ಕೊಟ್ಟು ನಿಂತುಬಿಡುತ್ತದೆ. ಶೋಕೇಸಿನ ಗಾಜಿನೊಳಗೆ ಅಲಂಕಾರಕ್ಕಿಡುವ ಬದಲು ಹೊರಗಿಟ್ಟು, ಆಗಾಗ ದೂಳು ತೆಗೆಯುವುದೇ ಇದಕ್ಕೆ ಮದ್ದು.

ಬೆಲೆಯ ಮಾತಿಗೆ ಮರಳುವುದಾದರೆ, 2022ರ ನವೆಂಬರ್‌ನಲ್ಲಿ ಪ್ಲೇಸ್ಟೇಷನ್ 5ರ ದರ 54,990 ರೂಪಾಯಿಗೆ ಏರಿತು. ಮರುವರ್ಷ ಕೊಬ್ಬರಿ ಧಾರಣೆ 11,750 ರೂಪಾಯಿಯ ಬೆಂಬಲ ಬೆಲೆಗಿಂತಲೂ ಬಹಳ ಕೆಳಗೆ ಕುಸಿದು ಬೆಳೆಗಾರರು ಬೀದಿಗಿಳಿದಿದ್ದರು. ಅಂಥ ವರ್ಷಗಳಲ್ಲಿ ಅಗ್ಗದ ಯಂತ್ರದ ಕಡೆ ಮನಸ್ಸು ವಾಲುವುದು ಸಹಜ. ಆದರೆ ಸೀರೀಸ್ ಎಸ್‌ನಲ್ಲಿ ಡಿಸ್ಕ್ ಹಾಕುವ ಸೌಲಭ್ಯವೇ ಇಲ್ಲ. ಗೆಳೆಯರಿಂದ ಡಿಸ್ಕ್ ಎರವಲು ತರುವಂತಿಲ್ಲ, ಆಡಿ ಮುಗಿದ ಮೇಲೆ ಅರ್ಧ ಬೆಲೆಗೆ ಮಾರುವಂತಿಲ್ಲ. ಪ್ರತಿ ಆಟವನ್ನೂ ಇಂಟರ್‌ನೆಟ್ ಮೂಲಕವೇ ಇಳಿಸಿಕೊಳ್ಳಬೇಕು. ರೆಡ್ ಡೆಡ್ ರಿಡೆಂಪ್ಷನ್ 2 ಆಟದ ಗಾತ್ರ ಸುಮಾರು 100 ಜಿಬಿ. ಸೆಕೆಂಡಿಗೆ 20 ಮೆಗಾಬಿಟ್ ವೇಗದ ಸಂಪರ್ಕ ಒಂದು ಕ್ಷಣವೂ ಕಡಿಯದೆ ಉಳಿದರೆ ಅದನ್ನು ಇಳಿಸಿಕೊಳ್ಳಲು ಬೇಕಾಗುವ ಸಮಯ 11 ಗಂಟೆ. ನಡುವೆ ಕರೆಂಟ್ ಹೋದರೆ ಅಷ್ಟು ಹೊತ್ತು ಸೇರಿಸಿಕೊಳ್ಳಬೇಕು.